ಸಿಡುಕಿಗೊಂದು ಮನೆ

ಬಂದವರು ಗಂಡ ಹೆಂಡತಿ. ಹೆಂಡತಿಯ ಕೈಯಲ್ಲಿ ಸೋಫಾ ಬಟ್ಟೆಯ ಅಂಗೈಯಗಲದ ತುಂಡೊಂದಿತ್ತು.

"ಇದಕ್ಕೆ ಹೊಂದೋ ಬಣ್ಣದ್ದು ಯಾವುದಾದ್ರೂ ಇದ್ಯಾ? ಬೂದು ಆದ್ರೆ ಒಳ್ಳೇದು. ಕೂದಲು ಉದುರಿದ್ರೂ ಕಾಣಲ್ಲ ನೋಡಿ."

ದೊಡ್ಡವಳ ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು. "ಬಟ್ಟೆ ಅಂಗಡಿ ಮುಂದಿನ ಬೀದೀಲಿದೆ," ಎಂದಳು.

"ಅಲ್ಲ, ನಾವು ಬೆಕ್ಕಿಗೆ ಅಂತ ಬಂದಿದ್ದು..."

"ಗೊತ್ತಾಯ್ತು. ನಾಳೆ ಸೋಫಾ ಬದಲಾಯಿಸಿದ್ರೆ ಬೆಕ್ಕನ್ನೂ ಬದಲಾಯಿಸ್ತೀರಿ. ಬೇರೆ ಕಡೆ ನೋಡಿ."

ಗಂಡ ನಗು ನುಂಗಿಕೊಂಡ. ಹೆಂಡತಿ ಸಿಟ್ಟು ನುಂಗಿಕೊಳ್ಳಲಿಲ್ಲ. ಗೇಟಿನ ಹತ್ತಿರ ನಿಂತು, "ಬೀದಿ ಬೆಕ್ಕು ಕೊಡೋಕೆ ಇಷ್ಟು ಜಂಬ," ಎಂದು ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿ ಹೋದಳು.

ದೊಡ್ಡವಳು ಅಂದರೆ ಆ ಮನೆಯ ದೊಡ್ಡ ಸೊಸೆ. ನೆಲಮಹಡಿಯ ಮುಂದಿನ ಕೋಣೆಯಲ್ಲಿ ಶಾಲೆ, ಆಸ್ಪತ್ರೆಗಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಹಿಂದಿನ ಸಾಮಾನಿನ ಕೋಣೆಯಲ್ಲಿ ಬೀದಿಯಿಂದ ಬಂದ ಬೆಕ್ಕುಗಳನ್ನಿಟ್ಟುಕೊಂಡು, ಗಾಯ ವಾಸಿ ಮಾಡಿ, ಮನೆ ಹುಡುಕಿ ಕೊಡುತ್ತಿದ್ದಳು. ಕಳಿಸುತ್ತಿದ್ದವರು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ. ಒಂದು ಹೋದರೆ ಇನ್ನೊಂದು ಬರಬೇಕು, ಅದೇ ಒಪ್ಪಂದ. ಯಾವುದನ್ನೂ ತನಗೆ ಅಂತ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟುಕೊಂಡರೆ ಆ ಕೋಣೆ ಅಲ್ಲಿಗೆ ಮುಗಿಯಿತು.

ಬೆಕ್ಕು ಬೇಕು ಅನ್ನುವವರಿಗೆ ಬರವಿರಲಿಲ್ಲ. ಬೇಕಾದ ಹಾಗಿರುವವರಿಗೆ ಬರ. ಒಬ್ಬನಿಗೆ ಗೋದಾಮಿನಲ್ಲಿ ಇಲಿ ಹಿಡಿಯಲು ಬೇಕಿತ್ತು, ಊಟ ಹಾಕುವುದಿಲ್ಲವಂತೆ, ಹಾಕಿದರೆ ಸೋಮಾರಿಯಾಗುತ್ತದಂತೆ. ಒಬ್ಬಾಕೆಗೆ ಮಕ್ಕಳ ರಜೆ ಮುಗಿಯುವ ತನಕ ಮಾತ್ರ ಸಾಕಿತ್ತು. ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳು ಎರಡು ಮರಿ ಒಯ್ದು, ಗಂಡನ ಮನೆಯವರು ಒಪ್ಪಲಿಲ್ಲ ಅಂತ ರಟ್ಟಿನ ಡಬ್ಬಿಯಲ್ಲಿ ತಂದು ಬಾಗಿಲಲ್ಲಿಟ್ಟು, ಗಂಟೆ ಒತ್ತಿ ಓಡಿಹೋಗಿದ್ದಳು. ಎಲ್ಲರಿಗೂ ಮರಿ ಬೇಕು. ಬಿಳಿದಾದರೆ ಇನ್ನೂ ಒಳ್ಳೆಯದು. ಬೆಳೆದ ಬೆಕ್ಕು ಅಂದರೆ ಮುಖ ತಿರುಗಿಸುವರು. ಅದಕ್ಕೊಂದು ಊನವಿದ್ದರಂತೂ ಪಾಪ ಪಾಪ ಅನ್ನುತ್ತಲೇ ಚಪ್ಪಲಿ ಹಾಕಿಕೊಳ್ಳುವರು.

ಸಿಡುಕಿ ಅನ್ನುವ ಬೆಕ್ಕಿಗೆ ಎರಡೂ ದೋಷಗಳಿದ್ದವು. ವಯಸ್ಸಾಗಿತ್ತು, ಎಡಗಣ್ಣಿರಲಿಲ್ಲ. ಯಾವುದೋ ನಾಯಿಯ ಬಾಯಿಂದ ತಪ್ಪಿಸಿಕೊಂಡು ಆಸ್ಪತ್ರೆಗೆ ಬಂದಾಗ ಕಣ್ಣು ಕೊಳೆತಿತ್ತು. ಡಾಕ್ಟರಮ್ಮ ಅದನ್ನು ತೆಗೆದು ಹೊಲಿಗೆ ಹಾಕಿದ್ದರು. ಆಮೇಲೆ ದೊಡ್ಡವಳ ಪಾಳಿ. ದಿನಾ ಬೆಳಿಗ್ಗೆ ಸಂಜೆ ಕತ್ತಿನ ಚರ್ಮ ಹಿಡಿದೆತ್ತಿ ಸೂಜಿ ಚುಚ್ಚುವುದು, ಕೀವು ಒರೆಸುವುದು, ಟವೆಲ್ಲಿನಲ್ಲಿ ಸುತ್ತಿ ಔಷಧಿ ಕುಡಿಸುವುದು. ಗಾಯ ಮಾಯಿತು. ಬೆಕ್ಕಿಗೆ ಮಾತ್ರ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಬುಸ್ಸೆನ್ನುತ್ತಿತ್ತು. ಅದಕ್ಕೇ ಆ ಹೆಸರು.

"ನಿಮ್ಮ ಕೋಣೆ ಖಾಲಿಯಾಗಲೇಬೇಕು," ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದರು. "ಇಲ್ಲಿ ಪಂಜರದಲ್ಲಿ ಒಂದು ತಾಯಿ, ಮರಿ ಹಾಕಿ ಮಲಗಿದೆ. ಸಿಡುಕಿಗೆ ಮನೆ ಸಿಗದಿದ್ರೆ ತಂದ ಜಾಗಕ್ಕೇ ಬಿಡೋದು. ನನಗೂ ಇಷ್ಟವಿಲ್ಲ. ಬೇರೆ ದಾರಿ ಇಲ್ಲ."

"ಒಂದು ಕಣ್ಣಲ್ಲಿ ಬೀದೀಲಿ ಎಷ್ಟು ದಿನ ಬದುಕುತ್ತೆ?"

"ಅದನ್ನ ನನ್ನ ಬಾಯಲ್ಲೇ ಹೇಳಿಸ್ಬೇಕಾ?"

ಹಾಗಿದ್ದರೂ ದೊಡ್ಡವಳು ತನ್ನ ಪದ್ಧತಿ ಬಿಟ್ಟಿರಲಿಲ್ಲ. ಅದಕ್ಕೆ ಅವಳು ಕೂರಿಸುವುದು ಎನ್ನುತ್ತಿದ್ದಳು. ಬೆಕ್ಕು ಬೇಕೆಂದು ಬಂದವರು ಆ ಹಿಂದಿನ ಕೋಣೆಯ ನೆಲದ ಮೇಲೆ ಸುಮ್ಮನೆ ಕೂರಬೇಕು. ಕರೆಯಬಾರದು, ತಿಂಡಿ ತೋರಿಸಬಾರದು, ಫೋನ್ ನೋಡಬಾರದು. ಬಾಗಿಲಿನ ಗಾಜಿನಲ್ಲಿ ಅವಳು ನೋಡುತ್ತಿರುತ್ತಾಳೆ. ಬೆಕ್ಕು ತಾನಾಗಿ ಬಂದು ಮುಟ್ಟಿದರೆ ಮುಂದಿನ ಮಾತು, ಬರದಿದ್ದರೆ ಹೋಗಿಬನ್ನಿ. "ಇದೇನ್ರೀ, ಹುಡುಗಿ ನೋಡೋಕೆ ಬಂದ್ರೆ ಹುಡುಗಿನೇ ನಮ್ಮ ಸಂದರ್ಶನ ಮಾಡಿದ ಹಾಗಾಯ್ತು," ಎಂದು ಒಬ್ಬರು ಗೊಣಗಿದ್ದರು. "ಸ್ವಲ್ಪ ಟೈಮ್ ಕೊಡಿ, ನಮ್ಮನೇಲಿ ಹೊಂದಿಕೊಳ್ಳುತ್ತೆ," ಎಂದು ಬೇಡಿಕೊಂಡವರೂ ಇದ್ದರು. ಅವಳು ಬಗ್ಗಿರಲಿಲ್ಲ. ಸಿಡುಕಿಯ ಕೋಣೆಯಲ್ಲಿ ಕೂತೆದ್ದವರು ಬಹಳ ಮಂದಿ. ಸಿಡುಕಿ ಒಬ್ಬರ ಹತ್ತಿರವೂ ಸುಳಿದಿರಲಿಲ್ಲ.

ದೊಡ್ಡವಳಿಗೆ ಅದರಲ್ಲೊಂದು ಸಮಾಧಾನವೂ ಇತ್ತು. ತನ್ನ ಹತ್ತಿರ ಬಾರದ್ದು ಯಾರ ಹತ್ತಿರವೂ ಬರುತ್ತಿಲ್ಲವಲ್ಲ.

ಆ ಭಾನುವಾರ ಚಿಕ್ಕವಳು ಕೆಳಗೆ ಬಂದಳು. ಚಿಕ್ಕವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಗಂಡನೊಂದಿಗೆ ಮೇಲಿನ ಮಹಡಿಯಲ್ಲಿದ್ದಳು. ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ತಲೆಗೆ ಬಣ್ಣ ಹಚ್ಚುವುದು, ಉಗುರು ತಿದ್ದುವುದು. ದಿನಾ ಸಂಜೆ ಕೆಳಗಿಳಿದು ಅತ್ತೆಯ ಮಂಚದ ಮೇಲೆ ಕೂತು, ಅವರ ಒಣಗಿದ ಕೈಬೆರಳನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣ ಹಚ್ಚುತ್ತಾ, ಪಾರ್ಲರಿಗೆ ಬಂದವರ ಕಥೆ ಹೇಳುತ್ತಿದ್ದಳು. ಅತ್ತೆ ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದರು. ಅದೇ ಅತ್ತೆಗೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡುವವಳು, ಕಾಲಿನ ಹುಣ್ಣು ತೊಳೆಯುವವಳು, ತಟ್ಟೆಯಿಂದ ಸಿಹಿ ಎತ್ತಿಡುವವಳು ದೊಡ್ಡವಳು.

"ಇವಳು ಬಂದ್ರೆ ಸೂಜಿ, ಅವಳು ಬಂದ್ರೆ ಸುದ್ದಿ," ಎಂದು ಅತ್ತೆ ನೆಂಟರ ಮುಂದೆ ಹೇಳಿದ್ದರು. ಎಲ್ಲರೂ ನಕ್ಕಿದ್ದರು. ದೊಡ್ಡವಳೂ ನಕ್ಕಿದ್ದಳು. ಆ ನಗುವಿಗೆ ದವಡೆ ನೋಯುತ್ತದೆ ಅನ್ನುವುದು ಅವಳೊಬ್ಬಳಿಗೇ ಗೊತ್ತು.

ಚಿಕ್ಕವಳು ಬಂದದ್ದು ತನ್ನ ಕೆಲಸದ ಏಪ್ರನ್ನಿಗೆ ಅಂಚು ಹೊಲಿಸಿಕೊಳ್ಳಲು. ದೊಡ್ಡವಳು ಗಿರಾಕಿಯೊಬ್ಬರ ಜತೆ ಫೋನಿನಲ್ಲಿದ್ದಳು. ಮಾತು ಮುಗಿಸಿ ನೋಡಿದರೆ ಏಪ್ರನ್ ಮಿಷನ್ನಿನ ಮೇಲಿತ್ತು, ಚಿಕ್ಕವಳು ಇರಲಿಲ್ಲ. ಅತ್ತೆ ಮಲಗಿದ್ದರು. ಹಿಂದಿನ ಕೋಣೆಯಿಂದ ಮಾತು ಕೇಳಿಸಿತು.

ದೊಡ್ಡವಳು ಗಾಜಿನಲ್ಲಿ ನೋಡಿದಳು.

ಚಿಕ್ಕವಳು ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು. ಒಂದು ಕೈಯಲ್ಲಿ ಫೋನು, ಗೆಳತಿಯ ಜತೆ ಹರಟೆ. ಇನ್ನೊಂದು ಕೈಯಲ್ಲಿ ಹುರಿದ ಕಡಲೆಕಾಯಿ, ಸಿಪ್ಪೆಯೆಲ್ಲ ನೆಲದ ಮೇಲೆ. ಮಾಡಬಾರದ್ದೆಲ್ಲ ಮಾಡುತ್ತಿದ್ದಳು. ಅವಳ ತೊಡೆಯ ಮೇಲೆ ಸಿಡುಕಿ ಮಲಗಿತ್ತು. ಕಣ್ಣಿಲ್ಲದ ಆ ಎಡಗಡೆಯನ್ನು, ಯಾರಿಗೂ ಮುಟ್ಟಲು ಬಿಡದ ಕಡೆಯನ್ನು, ಅವಳ ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಗುರುಗುರು ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು. ಅದಕ್ಕೆ ಆ ಸದ್ದು ಬರುತ್ತದೆ ಅನ್ನುವುದೇ ದೊಡ್ಡವಳಿಗೆ ಗೊತ್ತಿರಲಿಲ್ಲ.

ಬಾಗಿಲು ತಳ್ಳಿದಳು.

"ಏಳು. ಅದಕ್ಕೆ ಔಷಧಿ ಹೊತ್ತು."

ಔಷಧಿ ನಿಂತು ಎಷ್ಟೋ ದಿನವಾಗಿತ್ತು. ಅವಳ ದನಿ ಕೇಳಿದ್ದೇ ಸಿಡುಕಿ ಹಾರಿ ಬಟ್ಟೆ ತುಂಬಿದ ರಟ್ಟಿನ ಡಬ್ಬಗಳ ಸಂದಿಗೆ ನುಗ್ಗಿತು. ಹಾರುವ ರಭಸಕ್ಕೆ ಚಿಕ್ಕವಳ ತೊಡೆ ಪರಚಿ ಪ್ಯಾಂಟಿನ ಮೇಲೆ ರಕ್ತದ ಗೆರೆ ಮೂಡಿತು.

"ನೋಡಿದ್ಯಾ? ಪರಚೋ ಬೆಕ್ಕು. ಮೇಲೆ ಹಾಕ್ಕೊಂಡು ಕೂತಿದೀಯ."

ಚಿಕ್ಕವಳು ತೊಡೆ ಒತ್ತಿಕೊಂಡು ನಕ್ಕಳು. "ಅದು ನನ್ನನ್ನ ಪರಚಿದ್ದಲ್ಲ ಅಕ್ಕ, ನಿನ್ನನ್ನ ನೋಡಿ ಓಡಿದ್ದು." ಆಮೇಲೆ, "ಇದನ್ನ ನಮಗೆ ಕೊಡು. ನಾನು ಸಾಕ್ತೀನಿ," ಎಂದಳು, ಒಂದು ಲೋಟ ಸಕ್ಕರೆ ಕೇಳಿದಷ್ಟು ಸಲೀಸಾಗಿ.

"ನಿಮ್ಮ ಬಾಲ್ಕನಿಗೆ ಬಲೆ ಇಲ್ಲ. ಬಿದ್ರೆ?"

"ಹಾಕಿಸಿದ್ರಾಯ್ತು."

"ಹಗಲೆಲ್ಲ ಮನೇಲಿರಲ್ಲ ನೀನು."

"ಮಧ್ಯಾಹ್ನ ಊಟಕ್ಕೆ ಬರ್ತೀನಲ್ಲ. ಪಾರ್ಲರ್ ಇಲ್ಲೇ ತಿರುವಲ್ಲಿ."

"ನಿನ್ನ ಕೈ ತುಂಬ ಆ ಬಣ್ಣ, ಆ ಕೆಮಿಕಲ್ ವಾಸನೆ. ಬೆಕ್ಕಿಗೆ ಆಗಲ್ಲ."

ಚಿಕ್ಕವಳು ತನ್ನ ಕೈ ಮೂಸಿ ನೋಡಿಕೊಂಡಳು. "ಈಗ ನೆಕ್ಕಿತಲ್ಲ?"

ದೊಡ್ಡವಳು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಳು. "ನೋಡೋಣ. ಇನ್ನೊಬ್ಬರು ಕೇಳಿದಾರೆ," ಎಂದಳು. ಯಾರೂ ಕೇಳಿರಲಿಲ್ಲ.

ಆ ಮಧ್ಯಾಹ್ನ ದೊಡ್ಡವಳು ಮಿಷನ್ನಿಗೆ ಹೊದಿಕೆ ಹಾಕಿ, ಒಂದು ಹಿಡಿ ಕಡಲೆಕಾಯಿ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ ಕೂತಳು. ಅದೇ ಗೋಡೆ, ಅದೇ ಜಾಗ. ಕಾಲು ಚಾಚಿದಳು. ಸಿಪ್ಪೆಯನ್ನು ನೆಲಕ್ಕೆ ಹಾಕಿದಳು. ಹಾಕಿ, ತಡೆಯಲಾಗದೆ ಆರಿಸಿ ಜೇಬಿಗೆ ಹಾಕಿಕೊಂಡಳು. ಯಾರಿಗೋ ಫೋನ್ ಮಾಡಿದವಳ ಹಾಗೆ "ಹೂಂ, ಹೌದಾ, ಆಮೇಲೆ?" ಎಂದೂ ಅಂದು ನೋಡಿದಳು. ಡಬ್ಬಗಳ ಸಂದಿಯಿಂದ ಒಂದು ಹಳದಿ ಕಣ್ಣು ಅವಳ ಕೈಯನ್ನೇ ನೋಡುತ್ತಿತ್ತು. ಮುಖವನ್ನಲ್ಲ, ಕೈಯನ್ನು. ಅದರಲ್ಲಿ ಸೂಜಿ ಇದೆಯೋ ಟವೆಲ್ ಇದೆಯೋ ಅಂತ. ಕಾಲು ಜೋಮು ಹಿಡಿಯುವ ತನಕ ಕೂತಳು. ಏಳಲು ಹೊರಟಾಗ ಬುಸ್ಸೆಂದಿತು.

"ಹಾಳಾಗಿ ಹೋಗು," ಎಂದಳು. "ಕೀವು ಒರೆಸಿದವಳು ನಾನು ಕಣೇ. ಅವಳೇನು ಒರೆಸಿದಾಳಾ? ಅವಳೇನು ಒರೆಸಿದಾಳೆ ಹೇಳು?"

ಬೆಕ್ಕು ಸಂದಿಯೊಳಗೆ ಇನ್ನಷ್ಟು ಸರಿಯಿತು.

ಆ ವಾರವೇ ಕನ್ನಡಕದ ಅಂಗಡಿಯವನು ಬಂದ. ಡಾಕ್ಟರಮ್ಮ ಕಳಿಸಿದ್ದು. ನಡುವಯಸ್ಸು, ಒಬ್ಬನೇ ಇರುವವನು, ಮಾತು ಕಡಿಮೆ. ಅವನ ಹಿಂದಿನ ಬೆಕ್ಕು ಮುಪ್ಪಿನಲ್ಲಿ ಸತ್ತಿತ್ತು. ಕಿಟಕಿಗಳಿಗೆಲ್ಲ ಜಾಲರಿ ಇದೆ, ಅಂಗಡಿ ಕೆಳಗೆ, ಮನೆ ಮೇಲೆ. ಒಂದು ಕಣ್ಣಿಲ್ಲ ಅಂದರೆ, "ನನ್ನ ಗಿರಾಕಿಗಳೆಲ್ಲ ಅರ್ಧಂಬರ್ಧ ಕಾಣೋರೇ," ಎಂದ. ಹೀಗೆ ಎಲ್ಲ ಸರಿಯಿರುವ ಮನುಷ್ಯ ಆ ಬಾಗಿಲಿಗೆ ಅಷ್ಟು ದಿನದಲ್ಲಿ ಬಂದಿರಲಿಲ್ಲ.

ಅವನನ್ನು ಕೂರಿಸಿದಳು. ಅವನು ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು ಹೇಳಿದ್ದಕ್ಕಿಂತ ಹೆಚ್ಚು ಸುಮ್ಮನೆ ಕೂತ. ಸಿಡುಕಿ ಡಬ್ಬದ ಮೇಲಿನಿಂದ ನೋಡಿತು. ಬುಸ್ಸೆನ್ನಲಿಲ್ಲ. ಇಳಿಯಲೂ ಇಲ್ಲ. ಹೊತ್ತು ಹೋಯಿತು. ಗಾಜಿನ ಈಚೆ ದೊಡ್ಡವಳು ಕಾದಳು. ಮೇಲಿನ ಮಹಡಿಯಲ್ಲಿ ಡ್ರಿಲ್ಲಿಂಗ್ ಸದ್ದು ಕೇಳಿಸತೊಡಗಿತು. ಬಾಲ್ಕನಿಗೆ ಬಲೆ ಹಾಕುತ್ತಿದ್ದರು.

ಅವಳು ಬಾಗಿಲು ತೆಗೆದಳು. "ಆಯ್ತು. ತಗೊಂಡು ಹೋಗಿ."

ಅವನು ಆಶ್ಚರ್ಯದಿಂದ ನೋಡಿದ. "ಅದು ಹತ್ರ ಬರಲೇ ಇಲ್ವಲ್ಲ? ಬರ್ಬೇಕು ಅಂತ ಡಾಕ್ಟರ್ ಹೇಳಿದ್ರು."

"ಬರುತ್ತೆ. ಸ್ವಲ್ಪ ಟೈಮ್ ಕೊಡಿ. ನಿಮ್ಮ ಮನೇಲಿ ಹೊಂದಿಕೊಳ್ಳುತ್ತೆ."

ಸಂಜೆ ಚಿಕ್ಕವಳು ತಲೆಯಲ್ಲಿ ಸಿಮೆಂಟಿನ ಧೂಳು ಹೊತ್ತುಕೊಂಡೇ ಇಳಿದು ಬಂದಳು. "ಅಕ್ಕ, ಬಾ, ಬಲೆ ನೋಡು. ಸೊಳ್ಳೆ ತೂರೋಕೂ ಜಾಗ ಇಲ್ಲ."

"ಕೊಟ್ಟಾಯ್ತು."

"ಯಾರಿಗೆ?"

"ಹೇಳಿದ್ನಲ್ಲ, ಕೇಳಿದಾರೆ ಅಂತ. ಒಳ್ಳೆಯವರು."

ಚಿಕ್ಕವಳು ಹಿಂದಿನ ಕೋಣೆಯ ತನಕ ಹೋಗಿ ಗಾಜಿನಲ್ಲಿ ಇಣುಕಿದಳು. ತಿರುಗಿ ಬಂದಳು. ಆ ಸಂಜೆ ಅತ್ತೆಯ ಹತ್ತಿರ ಕೂರದೆ ಮೇಲೆ ಹೋದಳು. "ಏನಾಯ್ತು ಅವಳಿಗೆ?" ಎಂದು ಅತ್ತೆ ಕೇಳಿದರು. ದೊಡ್ಡವಳಿಗೆ ಅವತ್ತಿನ ಊಟ ಬಹಳ ರುಚಿಸಿತು.

ಕನ್ನಡಕದವನು ಮರುದಿನ ಫೋನ್ ಮಾಡಿದ. ಬೆಕ್ಕು ಬೀರುವಿನ ಹಿಂದೆ ಸೇರಿದೆ, ಊಟ ಮಾಡಿಲ್ಲ. ಹೊಸ ಜಾಗ, ಹಾಗೇ ಇರುತ್ತೆ, ಎಂದಳು. ಅದರ ಮರುದಿನವೂ ಮಾಡಿದ. ಮೀನು ಇಟ್ಟೆ, ಕೋಳಿ ಇಟ್ಟೆ, ಮುಟ್ಟಿಲ್ಲ. ಮೂರನೆಯ ಸಲ ಮಾಡಿದಾಗ ಅವನ ದನಿ ಇಳಿದಿತ್ತು. "ನೀರೂ ಕುಡೀತಿಲ್ಲ. ನಂಗ್ಯಾಕೋ ಭಯವಾಗ್ತಿದೆ. ಬರ್ತೀರಾ?"

ದೊಡ್ಡವಳು ಕತ್ತರಿಸಿಟ್ಟ ಬಟ್ಟೆಯನ್ನು ಹಾಗೇ ಬಿಟ್ಟು ಹೋದಳು.

ಅವನ ಮನೆಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಮಲಗುವ ಕೋಣೆಯಲ್ಲಿ ಹಳೇ ಮರದ ಬೀರು, ಗೋಡೆಗೂ ಅದಕ್ಕೂ ನಡುವೆ ಗೇಣು ಸಂದಿ. ಮುಂದೆ ಸಾಲಾಗಿ ಬಟ್ಟಲುಗಳು, ಮುಟ್ಟದೆ ಒಣಗಿದ ಮೀನು. ಬ್ಯಾಟರಿ ಬಿಟ್ಟು ನೋಡಿದಳು. ಸಿಡುಕಿ ಮೂಲೆಗೆ ಮುಖ ಮಾಡಿ ಮುದುರಿಕೊಂಡಿತ್ತು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು.

ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಬೆರಳ ತುದಿಯಲ್ಲಿ ಮೀನಿನ ಚೂರು ಹಿಡಿದು ಕೈ ಚಾಚಿದಳು. "ಬಾರೇ. ಏನೂ ಮಾಡಲ್ಲ. ಬಾ." ಕೈ ಕಂಡದ್ದೇ ಅದು ಇನ್ನೂ ಒಳಕ್ಕೆ ಒತ್ತಿಕೊಂಡಿತು. ಬುಸ್ಸೆನ್ನುವ ಶಕ್ತಿ ಇರಲಿಲ್ಲ. ಬಾಯಿ ಮಾತ್ರ ತೆರೆಯಿತು.

ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು.

"ಬೆಕ್ಕು ಇಷ್ಟು ದಿನ ಉಪವಾಸ ಇದ್ರೆ ಲಿವರ್ ಕೆಡುತ್ತೆ, ನಿಮಗೆ ಗೊತ್ತಲ್ಲ," ಎಂದರು ಡಾಕ್ಟರಮ್ಮ. "ಬೀರು ಸರಿಸಿ ಎಳೀಬೇಡಿ. ಈ ಸ್ಥಿತೀಲಿ ಹೆದರಿಕೆಗೇ ಪ್ರಾಣ ಬಿಡಬಹುದು. ಯಾರನ್ನಾದ್ರೂ ನಂಬುತ್ತಾ ಅದು? ಅಂಥೋರು ಒಬ್ಬರು ಬಂದು ತಿನ್ನಿಸಿದ್ರೆ ಅರ್ಧ ಗೆದ್ದ ಹಾಗೆ. ಯಾರಾದ್ರೂ ಇದಾರಾ?"

"ಇಲ್ಲ," ಎಂದಳು ದೊಡ್ಡವಳು.

ಫೋನ್ ಇಟ್ಟಳು. ಕನ್ನಡಕದವನು ಬಾಗಿಲಲ್ಲಿ ನಿಂತು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಿದ್ದ, ಒರೆಸಿದ್ದನ್ನೇ ಒರೆಸುತ್ತಿದ್ದ. ಬೀರುವಿನ ಹಿಂದಿನಿಂದ ಒಂದು ಸದ್ದು ಬಂತು. ಖಾಲಿ ಹೊಟ್ಟೆಯಿಂದ ವಾಂತಿ ಮಾಡಲು ಒದ್ದಾಡುವ ಸದ್ದು. ಒಂದು ಸಲ, ಮತ್ತೊಂದು ಸಲ.

ದೊಡ್ಡವಳು ಮತ್ತೆ ಫೋನ್ ತೆಗೆದಳು.

"ಎಲ್ಲಿದೀಯ?"

"ಕೆಲಸದಲ್ಲಿ," ಎಂದಳು ಚಿಕ್ಕವಳು. "ಒಬ್ಬರ ತಲೆಗೆ ಬಣ್ಣ ಹಚ್ತಾ ಇದೀನಿ. ಯಾಕೆ, ಅತ್ತೆಗೇನಾಯ್ತು?"

"ಅತ್ತೆಗಲ್ಲ. ಸಿಡುಕಿ. ಸಾಯ್ತಾ ಇದೆ." ದೊಡ್ಡವಳು ಗೋಡೆಯ ಕಡೆ ತಿರುಗಿಕೊಂಡಳು. "ನೀನು ಬರ್ಬೇಕು. ನನ್ನ ಕೈಲಿ ಆಗ್ತಿಲ್ಲ."

"ಅಡ್ರೆಸ್ ಹೇಳು," ಎಂದಳು ಚಿಕ್ಕವಳು.

ಬಂದಾಗ ಚಿಕ್ಕವಳ ಮೈಮೇಲೆ ಏಪ್ರನ್ ಹಾಗೇ ಇತ್ತು, ಮುಂಗೈಯಲ್ಲಿ ಕಂದು ಬಣ್ಣದ ಕಲೆ. ಯಾರನ್ನೂ ಏನೂ ಕೇಳಲಿಲ್ಲ. ಬಟ್ಟಲುಗಳನ್ನು ಕಾಲಿನಲ್ಲೇ ಪಕ್ಕಕ್ಕೆ ಸರಿಸಿ, ಬೀರುವಿಗೆ ಬೆನ್ನು ಕೊಟ್ಟು ಕೂತಳು. "ಮೊಟ್ಟೆ ಇದ್ಯಾ ಸರ್? ಬೇಯಿಸಿದ್ದು? ಒಂದು ಕೊಡಿ. ಆಮೇಲೆ ಇಬ್ರೂ ಹೊರಗಡೆ ಹೋಗಿ."

ಕನ್ನಡಕದವನು ಹಾಲಿಗೆ ಹೋಗಿ ಕೂತ. ದೊಡ್ಡವಳು ಬಾಗಿಲ ಸಂದಿಯಲ್ಲಿ ನಿಂತಳು. ಎಷ್ಟೋ ಜನರನ್ನು ಹೀಗೇ ನಿಂತು ನೋಡಿದ್ದಳು. ಅವರೆಲ್ಲ ಸೋಲಲಿ ಅಂತ ಅವಳಿಗೆ ಅನ್ನಿಸಿರಲಿಲ್ಲ. ಅಥವಾ ಅನ್ನಿಸಿತ್ತೋ ಏನೋ. ಈಗ ಮಾತ್ರ ಎರಡೂ ಒಟ್ಟಿಗೆ ಅನ್ನಿಸುತ್ತಿತ್ತು. ಬೆಕ್ಕು ಬರಲಿ ಅಂತ, ಇವಳ ಹತ್ತಿರ ಬಾರದಿರಲಿ ಅಂತ.

ಚಿಕ್ಕವಳು ಮೊಟ್ಟೆ ಸುಲಿಯುತ್ತಾ ಮಾತಿಗೆ ಶುರುವಿಟ್ಟಳು. ಬೆಕ್ಕಿಗೆ ಅಂತಲ್ಲ, ಗೋಡೆಗೆ ಹೇಳಿದ ಹಾಗೆ. "ಅರ್ಧ ತಲೆ ಕಪ್ಪು, ಅರ್ಧ ತಲೆ ಬಿಳಿ, ಹಾಗೇ ಕೂರಿಸಿ ಬಂದಿದೀನಿ ಆ ಯಮ್ಮನ್ನ. ಸಂಜೆ ಮಗಳ ನಿಶ್ಚಯವಂತೆ. ನನ್ನ ಕೆಲಸ ಹೋಯ್ತು ಅಂತಲೇ ಇಟ್ಕೋ. ಎಲ್ಲ ನಿನ್ನಿಂದಾನೇ ಕಣೇ. ಬಲೆ ಹಾಕೋಕೆ ಬಂದವನು ಬೇರೆ ಗೋಡೆ ಎಲ್ಲ ತೂತು ಮಾಡಿ ಹೋದ, ನಮ್ಮನೆಯವರು ಮುಖ ಉಬ್ಬಿಸ್ಕೊಂಡು ಓಡಾಡ್ತಿದಾರೆ. ನೀನಿಲ್ಲಿ ಬೀರು ಹಿಂದೆ ಮಹಾರಾಣಿ ಥರ ಕೂತಿದೀಯ." ಹಳದಿ ಭಾಗ ಬಾಯಿಗೆ ಹಾಕಿಕೊಂಡಳು, ಬಿಳಿಯ ಚೂರೊಂದನ್ನು ಹಿಂದಕ್ಕೆ, ನೋಡದೆಯೇ, ನೆಲದ ಮೇಲಿಟ್ಟಳು. ಮಾತು ಮುಂದುವರಿಸಿದಳು.

ಬಹಳ ಹೊತ್ತು ಏನೂ ಆಗಲಿಲ್ಲ. ದೊಡ್ಡವಳ ಮನಸ್ಸಿನ ಒಂದು ಮೂಲೆ, ಅವಳೇ ಹೇಸುವಂಥ ಮೂಲೆ, ಹಗುರಾಯಿತು. ಆಗ ಸಂದಿಯಿಂದ ಧೂಳು ಮೆತ್ತಿದ ಒಂದು ಮೂತಿ ಹೊರಬಂತು. ಮೊಟ್ಟೆಯ ಚೂರನ್ನು ಮೂಸಿತು, ಬಿಟ್ಟಿತು. ಚಿಕ್ಕವಳ ಏಪ್ರನ್ನಿನ ದಾರಕ್ಕೆ ಹಣೆ ಉಜ್ಜಿತು. ಆಮೇಲೆ ತಿರುಗಿ ಹೋಗಿ ಮೊಟ್ಟೆ ತಿಂದಿತು.

ಚಿಕ್ಕವಳು ಮಾತು ನಿಲ್ಲಿಸಲಿಲ್ಲ. ಅವಳ ಕೆನ್ನೆ ಮಾತ್ರ ಒದ್ದೆಯಾಗಿತ್ತು, ಅದನ್ನು ಭುಜಕ್ಕೆ ಒರೆಸಿಕೊಂಡಳು.

ಮೊಟ್ಟೆ ಮುಗಿದ ಮೇಲೆ ಕನ್ನಡಕದವನು ಬಾಗಿಲಿಗೆ ಬಂದು ನೋಡಿ ದೊಡ್ಡ ಉಸಿರು ಬಿಟ್ಟ. "ಇವರ ಹತ್ರಾನೇ ಇರಲಿ ಮೇಡಂ. ನನಗೆ ಬೇಜಾರಿಲ್ಲ. ನಿಜ ಹೇಳ್ಬೇಕಂದ್ರೆ ಅವತ್ತೇ ಅನ್ನಿಸ್ತು, ಯಾಕೆ ಇಷ್ಟು ಬೇಗ ಕೊಟ್ಬಿಟ್ರು ಅಂತ."

ಬುಟ್ಟಿಗೆ ಬೆಕ್ಕನ್ನು ಹಾಕಿಕೊಂಡು ರಸ್ತೆಗಿಳಿದರು. ಗಾಡಿಗೆ ಕಾಯುತ್ತಾ ನಿಂತಾಗ ದೊಡ್ಡವಳು, "ಸದ್ಯಕ್ಕೆ ನನ್ನ ಕೋಣೇಲೇ ಇರಲಿ. ಪೂರ್ತಿ ಹುಷಾರಾಗೋ ತನಕ," ಎಂದಳು.

ಚಿಕ್ಕವಳು ಬುಟ್ಟಿಯನ್ನು ಎದೆಗೊತ್ತಿಕೊಂಡಳು. "ಅಕ್ಕ, ಒಂದು ಕೇಳ್ತೀನಿ. ನಿಂಗೆ ಇದು ಬೇಕಾ? ಬೇಕು ಅಂತ ಬಾಯಿಬಿಟ್ಟು ಹೇಳು. ಇಲ್ಲೇ ನಿನ್ನ ಕೈಗೆ ಕೊಟ್ಟು ಹೋಗ್ತೀನಿ. ಡಾಕ್ಟರಿಗೆ ನಾನೇ ಹೇಳ್ತೀನಿ."

ದೊಡ್ಡವಳು ರಸ್ತೆ ನೋಡಿದಳು. "ಬೇಕು," ಎಂದಳು.

ಅವಳು ಹೇಳುತ್ತಾಳೆಂದು ಚಿಕ್ಕವಳು ಎಣಿಸಿರಲಿಲ್ಲ. ಬುಟ್ಟಿಯನ್ನು ನೋಡಿದಳು, ಓರಗಿತ್ತಿಯ ಮುಖ ನೋಡಿದಳು. ಆಮೇಲೆ ಮಾತು ತಪ್ಪದೆ ಬುಟ್ಟಿ ಚಾಚಿದಳು. ದೊಡ್ಡವಳು ಅದರ ಹಿಡಿಕೆ ಹಿಡಿದಳು. ಒಳಗಿನಿಂದ ಸಣ್ಣಗೆ ಬುಸ್ಸೆಂದ ಸದ್ದು; ತಿಂದ ಒಂದು ಮೊಟ್ಟೆಯಷ್ಟೇ ಶಕ್ತಿ, ಅದನ್ನೂ ಅವಳ ಮೇಲೆಯೇ ಖರ್ಚು ಮಾಡುತ್ತಿತ್ತು. ಬುಟ್ಟಿ ನಡುಗುತ್ತಿತ್ತು.

"ಹಿಡ್ಕೋ," ಎಂದು ದೊಡ್ಡವಳು ಅದನ್ನು ವಾಪಸು ತಳ್ಳಿದಳು. "ಹಿಡ್ಕೋ ಅಂದ್ನಲ್ಲ. ಗಾಡಿ ಬಂತು."

ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಲಿವರ್ ಸ್ವಲ್ಪ ಪೆಟ್ಟು ತಿಂದಿದೆ, ಸರಿಹೋಗುತ್ತೆ ಎಂದರು. ಒಂದು ಮಾತ್ರೆ ಬರೆದುಕೊಟ್ಟರು. "ದಿನಕ್ಕೆರಡು ಸಲ, ಒಂದು ತಿಂಗಳಾದ್ರೂ. ಊಟದಲ್ಲಿ ಬೆರೆಸಿದ್ರೆ ತಿನ್ನಲ್ಲ, ತುಂಬ ಕಹಿ. ಬಾಯಿ ಬಿಡಿಸಿ ನಾಲಿಗೆ ಹಿಂದಕ್ಕೆ ತಳ್ಳಬೇಕು. ಒದ್ದಾಡುತ್ತೆ, ನೊರೆ ಕಾರುತ್ತೆ. ತಪ್ಪಿಸೋ ಹಾಗಿಲ್ಲ. ಯಾರು ಹಾಕ್ತೀರಿ?"

"ನಾನೇ," ಎಂದಳು ಚಿಕ್ಕವಳು. "ಅಕ್ಕ ಹೇಳಿಕೊಡ್ತಾಳೆ."

ಹಾಕಲಿ, ಎಂದುಕೊಂಡಳು ದೊಡ್ಡವಳು. ಬಹಳ ಸ್ಪಷ್ಟವಾಗಿ, ಸಂತೋಷವಾಗಿ ಎಂದುಕೊಂಡಳು. ದವಡೆ ಹಿಡಿದು ಬಾಯಿ ಬಿಡಿಸಲಿ. ಕಹಿ ತಳ್ಳಲಿ. ಒಂದು ವಾರ ಸಾಕು. ಆಮೇಲೆ ನೋಡೋಣ, ಯಾರ ತೊಡೆ, ಯಾರ ಗುರುಗುರು. ಕೈ ಕಂಡರೆ ಬೀರು ಹಿಂದೆ ಓಡಿದಾಗ ತಿಳಿಯುತ್ತೆ ಇವಳಿಗೆ. ಅವಳ ನಾಲಿಗೆಯ ತುದಿಗೇ ಬಂದಿತ್ತು: ಹೂಂ, ಹೇಳಿಕೊಡ್ತೀನಿ.

ಬೆಕ್ಕು ಮೇಜಿನ ಮೇಲೆ ಚಿಕ್ಕವಳ ಮೊಣಕೈ ಸಂದಿಗೆ ತಲೆ ತೂರಿಸಿಕೊಂಡು ನಿಂತಿತ್ತು. ಆ ಸಂದಿಯೂ ಹೋದರೆ ಅದಕ್ಕೆ ತಲೆ ಇಡಲು ಇನ್ನೊಂದಿರಲಿಲ್ಲ. ಆಮೇಲೆ ಅದು ಊಟ ಬಿಟ್ಟರೆ ಫೋನ್ ಮಾಡಿ ಕರೆಸಲು ಇನ್ನೊಬ್ಬಳಿರಲಿಲ್ಲ.

"ಬೇಡ. ನಾನು ಹಾಕ್ತೀನಿ," ಎಂದಳು.

"ಯಾಕಕ್ಕ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ," ಎಂದಳು ದೊಡ್ಡವಳು. "ನೀನು ಮಾತಾಡ್ತಾ ಮರೀತೀಯ." ಮಾತ್ರೆಯ ಪಟ್ಟಿಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

ಚಿಕ್ಕವಳಿಗೆ ಸಿಟ್ಟು ಬಂತು. ಬಂದರೆ ಬರಲಿ. ಮನೆಗೆ ಬಂದಾಗ ಬುಟ್ಟಿ ನೋಡಿದ ಅತ್ತೆ, "ಚಿಕ್ಕವಳು ಉಳಿಸಿಕೊಂಡು ಬಂದ್ಲಂತೆ. ಅವಳ ಕೈಗುಣವೇ ಹಾಗೆ," ಎಂದು ಪಕ್ಕದ ಮನೆಯವರಿಗೆ ಕಿಟಕಿಯಿಂದಲೇ ಸಾರಿದರು. ಸಿಡುಕಿ ಮೇಲಿನ ಮಹಡಿಗೆ ಹೋಯಿತು. ಮರುದಿನ ಆಸ್ಪತ್ರೆಯ ಪಂಜರದಲ್ಲಿದ್ದ ತಾಯಿಬೆಕ್ಕು ಮರಿಗಳ ಸಮೇತ ಹಿಂದಿನ ಕೋಣೆಗೆ ಬಂತು.

ಈಗ ದಿನಾ ಬೆಳಿಗ್ಗೆ, ಸಂಜೆ ದೊಡ್ಡವಳು ಮೆಟ್ಟಿಲು ಹತ್ತುತ್ತಾಳೆ. ಮೇಲಿನ ಬಾಗಿಲು ತಟ್ಟುವ ಮೊದಲೇ ಒಳಗೆ ದಡಬಡ ಓಡುವ ಸದ್ದಾಗುತ್ತದೆ. ಚಿಕ್ಕವಳು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಇದು ದೊಡ್ಡವಳ ಅಪ್ಪಣೆ. ಬೆಕ್ಕು ಅವಳನ್ನು ಇದರ ಜತೆ ಸೇರಿಸಿ ನೋಡಬಾರದು. ಮಂಚದ ಕೆಳಗಿಂದ ಎಳೆದು, ಮೊಣಕಾಲ ನಡುವೆ ಅದುಮಿ, ದವಡೆಯ ಮೂಲೆಗೆ ಬೆರಳು ಹಾಕಿ ಮಾತ್ರೆ ತಳ್ಳುತ್ತಾಳೆ. ಅದರ ಮೈ ಈಗ ತುಂಬಿದೆ, ತುಪ್ಪಳ ನುಣುಪಾಗಿದೆ; ಹಿಡಿದಿರುವ ಅಷ್ಟು ಹೊತ್ತು ಅವಳಿಗೆ ಅದರ ಬಿಸಿ ಸಿಗುತ್ತದೆ. ನುಂಗಿತು ಅಂತ ಗಂಟಲು ಸವರಿ ಖಾತ್ರಿ ಮಾಡಿಕೊಂಡು ಬಿಡುತ್ತಾಳೆ.

ಇವತ್ತು ಕಚ್ಚಿತು. ಹೆಬ್ಬೆರಳಿಗೆ, ಆಳವಾಗಿ. ಅವಳು ಬಿಡಲಿಲ್ಲ, ಮಾತ್ರೆ ಒಳಗೆ ಹೋದ ಮೇಲೆಯೇ ಬಿಟ್ಟಳು. "ಆಯ್ತು, ಬಾ," ಎಂದು ಅಡಿಗೆಮನೆಯ ಕಡೆಗೆ ಕೂಗಿ, ಬಾಗಿಲು ಎಳೆದುಕೊಂಡು ಹೊರಬಂದಳು.

ಒಳಗೆ ಚಿಕ್ಕವಳು ಓಡಿ ಬಂದು ನೆಲಕ್ಕೆ ಕೂತದ್ದು ಕೇಳಿಸಿತು. "ಬಾ ಬಾ ಬಾ. ಹೋದ್ಲು ಕಣೇ, ಹೋದ್ಲು. ದೊಡ್ಡಮ್ಮ ಹೋದ್ಲು. ಕೆಟ್ಟ ದೊಡ್ಡಮ್ಮ, ಅಲ್ವಾ? ಇನ್ನು ಸಂಜೇನೇ ಬರೋದು. ಅಲ್ಲೀವರೆಗೆ ನಾವಿಬ್ರೇ."

ದೊಡ್ಡವಳಿಗೆ ಬಾಗಿಲು ಒದೆಯಬೇಕೆನ್ನಿಸಿತು. ಒದೆಯಲಿಲ್ಲ. ಗುರುಗುರು ಶುರುವಾಗುವ ತನಕ ನಿಂತಿದ್ದು, ರಕ್ತ ಬರುತ್ತಿದ್ದ ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.